ಚೇಳು ಕುಟುಕಿದ ಮೇಲೆ ಬೆವರನ್ನು ಏಕೆ ನೋಡಬೇಕು?

ಚೇಳು ಕುಟುಕಿದ ಇಬ್ಬರನ್ನು ಒಂದೇ ರಾತ್ರಿ ಒಂದೇ ಆಸ್ಪತ್ರೆಗೆ ಕರೆತಂದಿದ್ದಾರೆ ಎಂದುಕೊಳ್ಳಿ. ಒಬ್ಬ ಗಟ್ಟಿಮುಟ್ಟಾದ ಆಳು. ನೋವು ತಾಳಲಾರದೆ ಮಂಚದ ಮೇಲೆ ಹೊರಳಾಡುತ್ತಾ ಕೂಗುತ್ತಿದ್ದಾನೆ. ಇನ್ನೊಬ್ಬಳು ಎಂಟು ವರ್ಷದ ಹುಡುಗಿ. ನೋವು ಅಷ್ಟೇನಿಲ್ಲ ಎನ್ನುತ್ತಾಳೆ. ಆದರೆ ಎರಡು ಸಲ ವಾಂತಿಯಾಗಿದೆ, ತೊಟ್ಟ ಅಂಗಿ ಬೆವರಿಗೆ ತೊಯ್ದಿದೆ, ಅಂಗಾಲು ತಣ್ಣಗಿದೆ. ನೆರೆದವರ ಕಣ್ಣೆಲ್ಲ ಕೂಗುವವನ ಮೇಲಿರುತ್ತದೆ. ಅನುಭವಿ ವೈದ್ಯರು ಮಾತ್ರ ಮೊದಲು ಹುಡುಗಿಯ ನಾಡಿ ಹಿಡಿಯುತ್ತಾರೆ.

ಬೇಸಿಗೆಯ ಸೆಕೆಗೆ ಜನ ಹೊರಗೆ ಮಲಗುವ ದಿನಗಳಲ್ಲಿ, ಮಳೆ ಬಿದ್ದು ಬಿಲಗಳಿಗೆ ನೀರು ನುಗ್ಗಿದಾಗ, ಕಟ್ಟಿಗೆಯ ರಾಶಿ ಕೆದಕುವಾಗ, ಹಳೆಯ ಹೆಂಚು ಇಳಿಸುವಾಗ ಚೇಳಿನ ಕುಟುಕು ಹಳ್ಳಿಗಳಲ್ಲಿ ಸಾಮಾನ್ಯ ಸುದ್ದಿ. ಹೆಚ್ಚಿನವರಿಗೆ ಒಂದು ರಾತ್ರಿಯ ನರಕಯಾತನೆ, ಬೆಳಗಾಗುವಷ್ಟರಲ್ಲಿ ಮರೆತುಹೋಗುವ ಸಂಗತಿ. ಕೆಲವರಿಗೆ ಮಾತ್ರ ಕೆಲವೇ ಗಂಟೆಗಳಲ್ಲಿ ಉಸಿರು ಕಟ್ಟುತ್ತದೆ, ಹೃದಯ ಸೋಲುತ್ತದೆ. ಒಂದೇ ಹೆಸರಿನ ಪ್ರಾಣಿಯಿಂದ ಇಷ್ಟು ಬೇರೆ ಬೇರೆ ಪರಿಣಾಮ ಹೇಗೆ ಎಂದು ತಿಳಿಯಬೇಕಾದರೆ ಕುಟುಕಿದ ಚೇಳು ಯಾವುದು, ಅದರ ವಿಷ ದೇಹದಲ್ಲಿ ಎಲ್ಲಿಗೆ ಹೋಗಿ ಏನು ಮಾಡುತ್ತದೆ ಎಂಬುದನ್ನು ನೋಡಬೇಕು.

ಕರಿ ಚೇಳು, ಕೆಂಪು ಚೇಳು

ಜಗತ್ತಿನಲ್ಲಿ ಎರಡೂವರೆ ಸಾವಿರಕ್ಕೂ ಹೆಚ್ಚು ಜಾತಿಯ ಚೇಳುಗಳಿವೆ, ಭಾರತದಲ್ಲೇ ನೂರಕ್ಕೂ ಹೆಚ್ಚು. ಎಲ್ಲಕ್ಕೂ ವಿಷವಿದೆ. ಆದರೆ ಮನುಷ್ಯನ ಜೀವ ತೆಗೆಯಬಲ್ಲವು ಕೆಲವು ಡಜನ್ ಜಾತಿಗಳು ಮಾತ್ರ. ಅವುಗಳಲ್ಲಿ ಬಹುಪಾಲು ಒಂದೇ ಕುಟುಂಬದವು. ವಿಜ್ಞಾನಿಗಳು ಅದನ್ನು ಬ್ಯೂಥಿಡೇ ಎನ್ನುತ್ತಾರೆ.

ನಮ್ಮ ಕಡೆ ನೋಡಿದೊಡನೆ ಎದೆ ಝಲ್ಲೆನಿಸುವುದು ದೊಡ್ಡ ಕರಿ ಚೇಳು. ದಪ್ಪ ಇಕ್ಕಳ, ಮಿರುಗುವ ಮೈ, ಎತ್ತಿ ಹಿಡಿದ ಬಾಲ. ಅದು ಕುಟುಕಿದರೆ ಉರಿಯುತ್ತದೆ, ಊದಿಕೊಳ್ಳುತ್ತದೆ, ಆದರೆ ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ. ಅಪಾಯಕಾರಿಯಾದದ್ದು ಅದಕ್ಕಿಂತ ಬಹಳ ಚಿಕ್ಕದಾದ ಕೆಂಪು ಚೇಳು. ಶಾಸ್ತ್ರೀಯ ಹೆಸರು ಹಾಟೆಂಟೋಟ್ಟ ತಮುಲಸ್. ಇಕ್ಕಳ ಸಪೂರ, ಬಾಲ ದಪ್ಪ, ಬಣ್ಣ ಕೆಂಗಂದು. ಕೊಂಕಣ, ಪಶ್ಚಿಮ ಮಹಾರಾಷ್ಟ್ರ, ಸೌರಾಷ್ಟ್ರ, ಉತ್ತರ ಕರ್ನಾಟಕ, ಆಂಧ್ರ, ತಮಿಳುನಾಡು, ಪುದುಚೇರಿಗಳಲ್ಲಿ ವೈದ್ಯರು ಇದರ ಕುಟುಕಿನ ಗಂಭೀರ ಪ್ರಕರಣಗಳನ್ನು ದಾಖಲಿಸಿದ್ದಾರೆ.

ಇಕ್ಕಳಕ್ಕೂ ವಿಷಕ್ಕೂ ಇರುವ ಈ ತಿರುಗುಮುರುಗು ಸಂಬಂಧ ಕಾಕತಾಳೀಯವಲ್ಲ. ಬಲವಾದ ಇಕ್ಕಳವಿರುವ ಚೇಳು ಬೇಟೆಯನ್ನು ಹಿಸುಕಿಯೇ ಕೊಲ್ಲಬಲ್ಲದು; ತೀಕ್ಷ್ಣ ವಿಷ ಅದಕ್ಕೆ ಅಷ್ಟಾಗಿ ಬೇಕಿಲ್ಲ. ಸಪೂರ ಇಕ್ಕಳದ್ದು ಬೇಟೆಯನ್ನು ಬೇಗ ನಿಶ್ಚಲಗೊಳಿಸಬೇಕಾದರೆ ಬಾಲವನ್ನೇ ನಂಬಬೇಕು. ಹಾಗೆಂದು ಕತ್ತಲಲ್ಲಿ ಗಾಬರಿಯ ನಡುವೆ ಇಕ್ಕಳ ಅಳೆದು ನಿರ್ಧಾರಕ್ಕೆ ಬರುವುದು ಬೇಡ. ಇದು ಸ್ಥೂಲ ನಿಯಮವೇ ಹೊರತು ಶಾಸನವಲ್ಲ, ಇದಕ್ಕೂ ಅಪವಾದಗಳಿವೆ.

ಕೊಂಡಿಯೊಳಗಿನ ಸರಕು

ಚೇಳಿನ ಬಾಲದ ಕೊನೆಯಲ್ಲಿ ಉಬ್ಬಿದ ಗುಳ್ಳೆಯಂಥ ಭಾಗವಿದೆ. ಅದರೊಳಗೆ ಎರಡು ವಿಷಗ್ರಂಥಿಗಳು. ಅವುಗಳ ಸುತ್ತಲಿನ ಸ್ನಾಯು ಹಿಂಡಿದಾಗ ಬಾಗಿದ ಕೊಂಡಿಯ ತುದಿಯ ಎರಡು ಸಣ್ಣ ರಂಧ್ರಗಳಿಂದ ವಿಷ ಹೊರಬರುತ್ತದೆ. ಒಂದು ಕುಟುಕಿಗೆ ಬರುವ ವಿಷ ಅತ್ಯಲ್ಪ, ಮಿಲಿಗ್ರಾಂ ಲೆಕ್ಕದ್ದು.

ಇಷ್ಟನ್ನು ತಯಾರಿಸಲೂ ಚೇಳಿಗೆ ಸಾಕಷ್ಟು ಆಹಾರ, ಸಮಯ ಬೇಕು. ಆದ್ದರಿಂದ ಅದು ವಿಷದ ವಿಷಯದಲ್ಲಿ ಕಡುಜಿಪುಣ. ಎಷ್ಟೋ ಸಲ ಹೆದರಿಸುವಷ್ಟಕ್ಕೆ ಮಾತ್ರ ಚುಚ್ಚುತ್ತದೆ, ಕೆಲವೊಮ್ಮೆ ವಿಷವನ್ನೇ ಬಿಡುವುದಿಲ್ಲ. ಆಫ್ರಿಕದ ಒಂದು ಬಗೆಯ ಚೇಳು ಮೊದಲು ಪೊಟ್ಯಾಸಿಯಂ ಹೆಚ್ಚಿರುವ ತಿಳಿನೀರಿನಂಥ ದ್ರವವನ್ನಷ್ಟೇ ಚುಚ್ಚುತ್ತದೆ. ಅದು ನೋವು ಕೊಡುತ್ತದೆ, ಚೇಳಿಗೆ ಖರ್ಚು ಕಡಿಮೆ. ಎದುರಾಳಿ ಆಗಲೂ ಬಿಡದಿದ್ದರೆ ಹಾಲಿನಂತೆ ಬೆಳ್ಳಗಿರುವ ಅಸಲಿ ವಿಷ ಹೊರಬರುತ್ತದೆ. ಒಂದೇ ಜಾತಿಯ ಚೇಳು ಕುಟುಕಿದ ಇಬ್ಬರಲ್ಲಿ ಒಬ್ಬರು ಆರಾಮಾಗಿಯೂ ಇನ್ನೊಬ್ಬರು ಗಂಭೀರವಾಗಿಯೂ ಇರಲು ವಿಷದ ಪ್ರಮಾಣವೂ ಒಂದು ಕಾರಣ.

ವಿಷ ಎಂದರೆ ಒಂದೇ ರಾಸಾಯನಿಕವಲ್ಲ. ಅದರಲ್ಲಿ ಹತ್ತಾರು ಬಗೆಯ ಪುಟ್ಟ ಪ್ರೋಟೀನುಗಳಿವೆ. ಜೊತೆಗೆ ಅಂಗಾಂಶಗಳ ನಡುವಿನ ಅಂಟನ್ನು ಕರಗಿಸಿ ವಿಷಕ್ಕೆ ದಾರಿ ಮಾಡಿಕೊಡುವ ಕಿಣ್ವ, ಚುಚ್ಚಿದ ಜಾಗದಲ್ಲಿ ಉರಿ ಹುಟ್ಟಿಸುವ ಸೆರೊಟೋನಿನ್‌ನಂಥ ಪದಾರ್ಥಗಳು. ಅಸಲು ಕೆಲಸ ಮಾಡುವವು ಆ ಪುಟ್ಟ ಪ್ರೋಟೀನುಗಳೇ. ಮುಖ್ಯವಾದವು 60–70 ಅಮೈನೋ ಆಮ್ಲಗಳ ಸಣ್ಣ ಸರಪಳಿಗಳು. ಸರಪಳಿಯನ್ನು ಗಂಧಕದ ಬೆಸುಗೆಗಳು ಹಲವೆಡೆ ಬಿಗಿದು ಗಂಟು ಹಾಕಿರುವುದರಿಂದ ಅವು ಸುಲಭಕ್ಕೆ ಮುರಿಯುವುದಿಲ್ಲ, ರಕ್ತದಲ್ಲಿ ಬೇಗನೆ ಹರಡುತ್ತವೆ. ಮಂಡಲದ ಹಾವಿನ ವಿಷದಂತೆ ಇವು ರಕ್ತವನ್ನು ಕೆಡಿಸುವುದಿಲ್ಲ, ಮಾಂಸವನ್ನು ಕೊಳೆಸುವುದಿಲ್ಲ. ಕುಟುಕಿದ ಜಾಗ ನೋಡಿದರೆ ಎಷ್ಟೋ ಸಲ ಗಾಯವೇ ಕಾಣುವುದಿಲ್ಲ. ಇವುಗಳ ಗುರಿ ನರ.

ಮುಚ್ಚದ ತೂಬು

ನರಗಳು ಸಂದೇಶ ಸಾಗಿಸುವುದು ವಿದ್ಯುತ್ತಿನ ರೂಪದಲ್ಲಿ. ಈ ವಿದ್ಯುತ್ತು ತಂತಿಯಲ್ಲಿ ಹರಿಯುವಂಥದ್ದಲ್ಲ. ಸೋಡಿಯಂ, ಪೊಟ್ಯಾಸಿಯಂನಂಥ ವಿದ್ಯುದಾವೇಶವಿರುವ ಕಣಗಳು, ಅಂದರೆ ಅಯಾನುಗಳು, ನರಕೋಶದ ಪೊರೆಯ ಒಳಗೂ ಹೊರಗೂ ಸರಿಯುವುದರಿಂದ ಹುಟ್ಟುವಂಥದ್ದು. ಸುಮ್ಮನಿರುವ ನರಕೋಶದ ಹೊರಗೆ ಸೋಡಿಯಂ ತುಂಬಿ ನಿಂತಿರುತ್ತದೆ, ಒಳಗೆ ಕಡಿಮೆ ಇರುತ್ತದೆ. ಪೊರೆಯಲ್ಲಿ ಸೋಡಿಯಂಗೆಂದೇ ಮಾಡಿದ ಸಣ್ಣ ಬಾಗಿಲುಗಳಿವೆ, ಅವು ಮುಚ್ಚಿರುತ್ತವೆ.

ಕೆರೆಯ ಏರಿಯಲ್ಲಿರುವ ತೂಬನ್ನು ನೆನಪಿಗೆ ತಂದುಕೊಳ್ಳಿ. ಏರಿಯ ಒಂದು ಕಡೆ ನೀರು ತುಂಬಿ ನಿಂತಿದೆ, ಇನ್ನೊಂದು ಕಡೆ ಗದ್ದೆ. ನೀರುಗಂಟಿ ತೂಬೆತ್ತಿದರೆ ನೀರು ನುಗ್ಗುತ್ತದೆ, ಬೇಕಾದಷ್ಟು ಹರಿದ ಮೇಲೆ ಮುಚ್ಚುತ್ತಾನೆ. ನರದಲ್ಲಿ ನಡೆಯುವುದೂ ಇದೇ, ಆದರೆ ಅಳತೆ ಮಾತ್ರ ಮಿಲಿಸೆಕೆಂಡುಗಳದ್ದು. ಸಂಕೇತ ಬಂದೊಡನೆ ತೂಬು ತೆರೆಯುತ್ತದೆ, ಸೋಡಿಯಂ ಒಳನುಗ್ಗುತ್ತದೆ, ಆ ಜಾಗದಲ್ಲಿ ವಿದ್ಯುತ್ತಿನ ಮಿಡಿತ ಏಳುತ್ತದೆ. ಒಂದೆರಡು ಮಿಲಿಸೆಕೆಂಡಿನೊಳಗೆ ತೂಬು ತಾನಾಗಿ ಮುಚ್ಚಿಕೊಳ್ಳುತ್ತದೆ. ಆಮೇಲೆ ಪೊಟ್ಯಾಸಿಯಂ ಹೊರಹೋಗಿ ನರ ಮತ್ತೆ ಶಾಂತವಾಗುತ್ತದೆ. ಮಿಡಿತ ಮಾತ್ರ ಪಕ್ಕದ ತೂಬಿಗೆ, ಅಲ್ಲಿಂದ ಅದರ ಪಕ್ಕದ್ದಕ್ಕೆ ದಾಟುತ್ತಾ ಮುಂದೆ ಸಾಗುತ್ತದೆ.

ಕೆಂಪು ಚೇಳಿನ ವಿಷದ ಮುಖ್ಯ ಪ್ರೋಟೀನು ತೂಬನ್ನು ಒಡೆಯುವುದಿಲ್ಲ. ಮುಚ್ಚಲು ಬಂದ ನೀರುಗಂಟಿಯ ಕೈ ಹಿಡಿದು ನಿಲ್ಲಿಸುತ್ತದೆ, ಅಷ್ಟೇ. ಸೋಡಿಯಂ ಬಾಗಿಲಿನ ಹೊರಮೈಯಲ್ಲಿ ಒಂದು ನಿರ್ದಿಷ್ಟ ಜಾಗಕ್ಕೆ ಅಂಟಿಕೊಂಡು, ಅದು ಮುಚ್ಚುವ ಚಲನೆಯನ್ನು ನಿಧಾನಗೊಳಿಸುತ್ತದೆ. ಮಿಡಿತ ಉದ್ದವಾಗುತ್ತದೆ, ಒಂದು ಮಿಡಿತದ ಬೆನ್ನಿಗೇ ಇನ್ನೊಂದು ಏಳುತ್ತದೆ. ಇಂಥ ಪ್ರೋಟೀನುಗಳಿಗೆ ಆಲ್ಫಾ ವಿಷ ಎಂದು ಹೆಸರು. ಅಮೆರಿಕ ಖಂಡದ ಚೇಳುಗಳಲ್ಲಿ ಹೆಚ್ಚಾಗಿ ಕಾಣುವ ಬೀಟಾ ವಿಷದ ಉಪಾಯ ಬೇರೆ. ಅದು ತೂಬನ್ನು ತೆರೆಯಬಾರದ ಹೊತ್ತಿನಲ್ಲೇ ತೆರೆಯುವಂತೆ ಮಾಡುತ್ತದೆ. ಎರಡರ ಕೊನೆಯೂ ಒಂದೇ: ನರ ಸುಮ್ಮನಾಗುವುದನ್ನು ಮರೆಯುತ್ತದೆ.

ಸೋಡಿಯಂ ಬಾಗಿಲಷ್ಟೇ ಅಲ್ಲ, ನರವನ್ನು ಶಾಂತಗೊಳಿಸುವ ಪೊಟ್ಯಾಸಿಯಂ ಬಾಗಿಲುಗಳನ್ನು ಕಟ್ಟಿಹಾಕುವ ಪ್ರೋಟೀನುಗಳೂ ವಿಷದಲ್ಲಿವೆ. ಐಬೀರಿಯೋಟಾಕ್ಸಿನ್ ಎಂಬುದು ಅವುಗಳಲ್ಲೊಂದು. ಹೆಸರು ಕೇಳಿದರೆ ಸ್ಪೇನ್ ಕಡೆಯದು ಎನಿಸುತ್ತದೆ. ಅದನ್ನು 1990ರ ಸುಮಾರಿಗೆ ಬೇರ್ಪಡಿಸಿದ್ದು ನಮ್ಮ ಕೆಂಪು ಚೇಳಿನ ವಿಷದಿಂದಲೇ. ಸ್ನಾಯು ಮತ್ತು ನರಗಳ ಒಂದು ಬಗೆಯ ಪೊಟ್ಯಾಸಿಯಂ ಬಾಗಿಲನ್ನು ಮಾತ್ರ ಆರಿಸಿ ಮುಚ್ಚುವ ಗುಣವಿರುವುದರಿಂದ ಇವತ್ತು ಜಗತ್ತಿನ ಪ್ರಯೋಗಾಲಯಗಳಲ್ಲಿ ಸಂಶೋಧನೆಗೆ ಬಳಕೆಯಾಗುತ್ತಿದೆ.

ದೇಹವೇ ಎಬ್ಬಿಸುವ ಬಿರುಗಾಳಿ

ನರಗಳೆಲ್ಲ ಕೆರಳಿದರೆ ಕೈಕಾಲು ಸೆಟೆಯಬೇಕಲ್ಲವೇ, ಹೃದಯಕ್ಕೇಕೆ ತೊಂದರೆ? ಇಲ್ಲಿ ಇನ್ನೊಂದು ಸಂಗತಿ ಬರುತ್ತದೆ.

ನಮ್ಮ ಇಚ್ಛೆಗೆ ಒಳಪಡದೆ ಹೃದಯದ ಬಡಿತ, ರಕ್ತನಾಳಗಳ ಬಿಗಿತ, ಬೆವರು, ಜೊಲ್ಲು, ಕರುಳಿನ ಚಲನೆ ಎಲ್ಲವನ್ನೂ ನೋಡಿಕೊಳ್ಳುವ ನರಗಳ ಜಾಲವನ್ನು ಸ್ವಾಯತ್ತ ನರವ್ಯೂಹ ಎನ್ನುತ್ತಾರೆ. ಅದರಲ್ಲಿ ಎರಡು ಪಂಗಡ. ಒಂದು ವಿಶ್ರಾಂತಿಯ ಹೊತ್ತಿನದು: ಬಡಿತ ನಿಧಾನಿಸುತ್ತದೆ, ಜೀರ್ಣಕ್ಕೆ ನೆರವಾಗುತ್ತದೆ, ಜೊಲ್ಲು ಸುರಿಸುತ್ತದೆ. ಇನ್ನೊಂದು ಅಪಾಯದ ಹೊತ್ತಿನದು: ಬಡಿತ ಏರಿಸುತ್ತದೆ, ರಕ್ತನಾಳಗಳನ್ನು ಬಿಗಿಯುತ್ತದೆ, ಮೂತ್ರಪಿಂಡಗಳ ಮೇಲೆ ಕುಳಿತಿರುವ ಅಡ್ರಿನಲ್ ಗ್ರಂಥಿಯಿಂದ ಅಡ್ರಿನಲಿನ್ ಹೊರಬರುವಂತೆ ಮಾಡುತ್ತದೆ. ಎರಡೂ ಒಂದನ್ನೊಂದು ತೂಗಿಸಿಕೊಂಡು ಹೋದರೆ ಆರೋಗ್ಯ.

ಚೇಳಿನ ವಿಷ ರಕ್ತಕ್ಕೆ ಸೇರಿದಾಗ ಎರಡೂ ಪಂಗಡಗಳು ಒಟ್ಟಿಗೆ ಕೆರಳುತ್ತವೆ. ಮೊದಲು ಸಾಮಾನ್ಯವಾಗಿ ವಿಶ್ರಾಂತಿಯ ಪಂಗಡದ ಲಕ್ಷಣಗಳು ಕಾಣುತ್ತವೆ. ವಾಂತಿ, ಜೊಲ್ಲು, ಧಾರಾಕಾರ ಬೆವರು, ಕೆಲವರಲ್ಲಿ ನಾಡಿ ನಿಧಾನವಾಗುವುದು. ಗಂಡಸರಲ್ಲೂ ಗಂಡುಮಕ್ಕಳಲ್ಲೂ ಕಾಮೋದ್ರೇಕವಿಲ್ಲದೆಯೇ ಶಿಶ್ನ ನಿಮಿರಿ ಹಾಗೆಯೇ ಉಳಿಯಬಹುದು. ನಾಚಿಕೆಯಿಂದ ಮನೆಯವರು ಇದನ್ನು ಹೇಳದೆ ಬಿಡುವುದುಂಟು. ವೈದ್ಯರಿಗೆ ಇದು ಬಹಳ ಮುಖ್ಯವಾದ ಸುಳಿವು, ಮುಚ್ಚಿಡಬಾರದು. ಈ ಹಂತ ಹೆಚ್ಚು ಹೊತ್ತು ಇರುವುದಿಲ್ಲ.

ಇದರ ಬೆನ್ನಿಗೇ, ಕೆಲವೊಮ್ಮೆ ಇದರ ಜೊತೆಗೇ, ಅಪಾಯದ ಪಂಗಡ ಮೇಲುಗೈ ಪಡೆಯುತ್ತದೆ. ನರಗಳ ತುದಿಯಿಂದಲೂ ಅಡ್ರಿನಲ್ ಗ್ರಂಥಿಯಿಂದಲೂ ಅಡ್ರಿನಲಿನ್, ನಾರ್‌ಅಡ್ರಿನಲಿನ್ ಹಾರ್ಮೋನುಗಳು ಹರಿದುಬರುತ್ತವೆ. ಕೈಕಾಲಿನ ರಕ್ತನಾಳಗಳು ಬಿಗಿದುಕೊಳ್ಳುವುದರಿಂದ ಅಂಗೈ ಅಂಗಾಲು ತಣ್ಣಗಾಗುತ್ತವೆ. ರಕ್ತದೊತ್ತಡ ಜಿಗಿಯುತ್ತದೆ, ನಾಡಿ ಓಡುತ್ತದೆ. ಇನ್ಸುಲಿನ್ ಸ್ರವಿಸುವುದು ತಗ್ಗಿ ರಕ್ತದ ಸಕ್ಕರೆ ಏರುತ್ತದೆ. ವೈದ್ಯರು ಇದನ್ನೆಲ್ಲ ಸೇರಿಸಿ ಸ್ವಾಯತ್ತ ನರವ್ಯೂಹದ ಬಿರುಗಾಳಿ ಎಂದು ಕರೆಯುತ್ತಾರೆ.

ಈಗ ಹೃದಯದ ಪಾಡು ನೋಡಿ. ದೇಹದ ತುಂಬ ರಕ್ತನಾಳಗಳು ಬಿಗಿದು ಸಣ್ಣಗಾಗಿವೆ, ಅವುಗಳೊಳಕ್ಕೆ ರಕ್ತ ನೂಕಬೇಕು. ಜೊತೆಗೆ ಅತಿಯಾದ ಅಡ್ರಿನಲಿನ್‌ನಿಂದ ಹೃದಯದ ಸ್ನಾಯುಕೋಶಗಳಲ್ಲಿ ಕ್ಯಾಲ್ಸಿಯಂ ತುಂಬಿಕೊಂಡು ಅವು ದಣಿಯುತ್ತವೆ, ಕೆಲವು ಹಾನಿಗೊಳ್ಳುತ್ತವೆ. ಶ್ವಾಸಕೋಶದಿಂದ ಬಂದ ರಕ್ತವನ್ನು ದೇಹಕ್ಕೆ ನೂಕುವ ಎಡ ಹೃತ್ಕುಕ್ಷಿ ಸೋಲುತ್ತದೆ. ಮುಂದಕ್ಕೆ ಹೋಗಲಾರದ ರಕ್ತ ಹಿಂದೆ, ಅಂದರೆ ಶ್ವಾಸಕೋಶದ ಸಣ್ಣ ನಾಳಗಳಲ್ಲಿ, ಒತ್ತರಿಸಿ ನಿಲ್ಲುತ್ತದೆ. ಒತ್ತಡ ಮಿತಿ ಮೀರಿದಾಗ ನಾಳಗಳ ಗೋಡೆಯಿಂದ ದ್ರವ ಜಿನುಗಿ, ಗಾಳಿ ಇರಬೇಕಾದ ಜಾಗವನ್ನು ತುಂಬುತ್ತದೆ. ರೋಗಿಗೆ ಕೆಮ್ಮು, ಏದುಸಿರು. ಮಲಗಲಾಗದೆ ಎದ್ದು ಕೂರುತ್ತಾನೆ. ಕೊನೆಗೆ ಬಾಯಲ್ಲಿ ನಸುಗೆಂಪು ನೊರೆ ಬರುತ್ತದೆ. ಕೆಂಪು ಚೇಳಿನ ಕುಟುಕಿನಿಂದಾಗುವ ಸಾವುಗಳಲ್ಲಿ ಹೆಚ್ಚಿನವು ಸಂಭವಿಸುವುದು ಹೀಗೆ. ತಡೆಯದೇ ಹೋದರೆ ರಕ್ತದೊತ್ತಡ ಕುಸಿಯುತ್ತದೆ, ಹೃದಯ ನಿಲ್ಲುತ್ತದೆ. ಇದೆಲ್ಲ ಕೆಲವರಲ್ಲಿ ಅರ್ಧ ಗಂಟೆಯಲ್ಲೇ ಶುರುವಾಗಬಹುದು, ಕೆಲವರಲ್ಲಿ ಹಲವು ಗಂಟೆ ಕಳೆದ ಮೇಲೆ.

ಗಮನಿಸಬೇಕಾದ ಮಾತು ಇದು: ಅಷ್ಟು ಕಡಿಮೆ ವಿಷ ನೇರವಾಗಿ ಹೃದಯವನ್ನು ತಿಂದುಹಾಕುತ್ತಿಲ್ಲ. ಅದು ದೇಹದ ಸ್ವಂತ ಹಾರ್ಮೋನುಗಳನ್ನು ಕಟ್ಟೆಯೊಡೆಸುತ್ತದೆ, ಪೆಟ್ಟು ಕೊಡುವುದು ಮುಖ್ಯವಾಗಿ ಅವು. ಚಿಕಿತ್ಸೆಯ ದಾರಿ ತೆರೆದದ್ದೂ ಈ ತಿಳಿವಳಿಕೆಯಿಂದಲೇ.

ಮಕ್ಕಳಿಗೆ ಅಪಾಯ ಹೆಚ್ಚು ಎನ್ನುವುದಕ್ಕೆ ಕಾರಣ ಸರಳ ಲೆಕ್ಕ. ಚೇಳು ಆಳು ನೋಡಿ ವಿಷ ಅಳೆಯುವುದಿಲ್ಲ. 60 ಕಿಲೋ ತೂಕದವರಿಗೆ ಹೋಗುವಷ್ಟೇ ವಿಷ 10 ಕಿಲೋ ಮಗುವಿಗೆ ಹೋದರೆ, ಪ್ರತಿ ಕಿಲೋಗೆ ಆರು ಪಟ್ಟು.

ನೋವು ಏಕೆ ಮಾನದಂಡವಲ್ಲ

ಕುಟುಕಿದ ಜಾಗದ ನೋವು ಅಲ್ಲಿನ ನರತುದಿಗಳ ಕೂಗು. ಬಿರುಗಾಳಿ ಏಳುವುದು ವಿಷ ರಕ್ತಕ್ಕೆ ಸೇರಿ ದೇಹವೆಲ್ಲ ಸುತ್ತಿದಾಗ. ಎರಡೂ ಬೇರೆ ಬೇರೆ ಘಟನೆಗಳು, ಒಂದು ಇನ್ನೊಂದರ ಅಳತೆಗೋಲಲ್ಲ. ಕೆಂಪು ಚೇಳಿನ ರೋಗಿಗಳನ್ನು ದಶಕಗಳ ಕಾಲ ನೋಡಿದ ವೈದ್ಯರು ಗಮನಿಸಿರುವುದು ಇನ್ನೂ ವಿಚಿತ್ರ. ತಡೆಯಲಾರದ ನೋವಷ್ಟೇ ಇದ್ದು ಬೇರೆ ಲಕ್ಷಣವಿಲ್ಲದವರು ಸಾಮಾನ್ಯವಾಗಿ ಚೇತರಿಸಿಕೊಳ್ಳುತ್ತಾರೆ. ಗಂಭೀರ ಸ್ಥಿತಿಗೆ ಹೋಗುವವರಲ್ಲಿ ಅನೇಕರಿಗೆ ಆರಂಭದಲ್ಲಿ ನೋವು ಸಹಿಸುವಷ್ಟೇ ಇರುತ್ತದೆ.

ವೈದ್ಯರು ಪ್ರಕರಣಗಳನ್ನು ನಾಲ್ಕು ದರ್ಜೆಗಳಲ್ಲಿ ವಿಂಗಡಿಸುವ ರೂಢಿಯಿದೆ. ಬರೀ ನೋವಿದ್ದರೆ ಮೊದಲನೆಯದು. ವಾಂತಿ, ಬೆವರು, ತಣ್ಣನೆಯ ಕೈಕಾಲು ಶುರುವಾದರೆ ಎರಡನೆಯದು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡರೆ ಮೂರನೆಯದು, ರಕ್ತದೊತ್ತಡ ಕುಸಿದು ಆಘಾತದ ಸ್ಥಿತಿಗೆ ಹೋದರೆ ನಾಲ್ಕನೆಯದು. ಎರಡನೆಯ ದರ್ಜೆಯಲ್ಲೇ ಹಿಡಿದರೆ ಮೂರನೆಯದಕ್ಕೆ ಹೋಗದಂತೆ ತಡೆಯಬಹುದು. ಬೆವರನ್ನು ನೋಡಿ ಎನ್ನುವುದು ಇದಕ್ಕೇ.

ನೋವಿನ ಬಗ್ಗೆ ಇನ್ನೊಂದು ಸ್ವಾರಸ್ಯವನ್ನು ಹೇಳದಿರಲಾರೆ. ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ ಚೇಳನ್ನೇ ತಿಂದು ಬದುಕುವ ಒಂದು ಇಲಿಯಿದೆ. ಅಲ್ಲಿನ ಬಾರ್ಕ್ ಚೇಳು ಮೂತಿಗೇ ಕುಟುಕಿದರೂ ಅದು ಒಮ್ಮೆ ಮೂತಿ ಉಜ್ಜಿಕೊಂಡು ಊಟ ಮುಂದುವರಿಸುತ್ತದೆ. ಕಾರಣವನ್ನು ಸಂಶೋಧಕರು 2013ರಲ್ಲಿ ಬಿಡಿಸಿಟ್ಟರು. ಆ ಇಲಿಯ ನೋವಿನ ನರಗಳಲ್ಲಿರುವ ಒಂದು ಬಗೆಯ ಸೋಡಿಯಂ ಬಾಗಿಲು ಸ್ವಲ್ಪ ಬದಲಾಗಿದೆ. ಚೇಳಿನ ವಿಷ ಅದಕ್ಕೆ ಅಂಟಿದಾಗ ಬಾಗಿಲು ತೆರೆಯುವ ಬದಲು ಮುಚ್ಚಿಕೊಳ್ಳುತ್ತದೆ. ಬೇರೆಯವರಿಗೆ ಯಾತನೆಯಾಗುವ ವಿಷ ಅದಕ್ಕೆ ನೋವು ನಿವಾರಕ!

ಬಿರವಾಡಿಯ ವೈದ್ಯ ಮತ್ತು ಬಿ.ಪಿ. ಗುಳಿಗೆ

1970ರ ದಶಕದವರೆಗೆ ಕೊಂಕಣದಲ್ಲಿ ಕೆಂಪು ಚೇಳಿನ ಗಂಭೀರ ಪ್ರಕರಣಗಳಲ್ಲಿ ನೂರಕ್ಕೆ ಮೂವತ್ತು–ನಲವತ್ತು ಮಂದಿ ಸಾಯುತ್ತಿದ್ದರು. 1976ರಲ್ಲಿ ಮಹಾರಾಷ್ಟ್ರದ ರಾಯಗಡ ಜಿಲ್ಲೆಯ ಮಹಾಡ್ ಬಳಿಯ ಬಿರವಾಡಿ ಎಂಬ ಹಳ್ಳಿಯ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹಿಮ್ಮತರಾವ್ ಬಾವಸ್ಕರ್ ಎಂಬ ಯುವ ವೈದ್ಯರು ಬಂದರು. ರೋಗಿಗಳ ಪಕ್ಕದಲ್ಲೇ ಕುಳಿತು ನಾಡಿ, ರಕ್ತದೊತ್ತಡ, ಉಸಿರು ಎಲ್ಲವನ್ನೂ ಬರೆದಿಡುತ್ತಾ ಹೋದರು. ಜನ ಸಾಯುತ್ತಿರುವುದು ಶ್ವಾಸಕೋಶದಲ್ಲಿ ನೀರು ತುಂಬಿ ಎಂಬುದೂ, ಅದಕ್ಕೆ ಮುಂಚೆ ವಾಂತಿ, ಬೆವರು, ತಣ್ಣನೆಯ ಕೈಕಾಲು ಎಂಬ ಮುನ್ಸೂಚನೆಗಳು ಇರುತ್ತವೆ ಎಂಬುದೂ ಅವರ ಟಿಪ್ಪಣಿಗಳಿಂದ ಸ್ಪಷ್ಟವಾಯಿತು. ಲ್ಯಾನ್ಸೆಟ್ ವೈದ್ಯಪತ್ರಿಕೆ 1982ರಲ್ಲಿ ಇದನ್ನು ಪ್ರಕಟಿಸಿತು.

ತೊಂದರೆ ಬಿಗಿದ ರಕ್ತನಾಳಗಳದ್ದಾದರೆ ಅವುಗಳನ್ನು ಸಡಿಲಿಸಬೇಕು. ಆಗ ಬಳಕೆಯಲ್ಲಿದ್ದ ಪ್ರಜೋಸಿನ್ ಎಂಬ ರಕ್ತದೊತ್ತಡದ ಗುಳಿಗೆ ಮಾಡುವುದು ಅದನ್ನೇ. ನಾರ್‌ಅಡ್ರಿನಲಿನ್ ಹೋಗಿ ಕೂರುವ ಆಲ್ಫಾ ಗ್ರಾಹಕಗಳೆಂಬ ಜಾಗಗಳನ್ನು ಅದು ಮೊದಲೇ ಹಿಡಿದು ಕೂರುತ್ತದೆ. ಹಾರ್ಮೋನು ಎಷ್ಟೇ ಹರಿದುಬಂದರೂ ರಕ್ತನಾಳಕ್ಕೆ ಅದರ ಆಜ್ಞೆ ತಲುಪುವುದಿಲ್ಲ, ಹೃದಯದ ಮೇಲಿನ ಹೊರೆ ಇಳಿಯುತ್ತದೆ. ಬಾವಸ್ಕರ್ ದಂಪತಿ ಇದನ್ನು ಬಳಸಿ ಕಂಡ ಫಲಿತಾಂಶ 1986ರಲ್ಲಿ ಅದೇ ಪತ್ರಿಕೆಯಲ್ಲಿ ಬಂತು. ಕಾಲಕ್ರಮೇಣ ಆ ಪ್ರದೇಶದ ಸಾವಿನ ಪ್ರಮಾಣ ನೂರಕ್ಕೆ ಒಂದರ ಆಸುಪಾಸಿಗೆ ಇಳಿಯಿತು. ಕೆಲವೇ ರೂಪಾಯಿಯ ಗುಳಿಗೆ, ಹಳ್ಳಿಯ ಆರೋಗ್ಯ ಕೇಂದ್ರದಲ್ಲಿ ಕಂಡುಕೊಂಡ ಚಿಕಿತ್ಸೆ. ಭಾರತೀಯ ವೈದ್ಯಕೀಯದಲ್ಲಿ ಇದಕ್ಕೆ ಸಮನಾದ ಕಥೆಗಳು ಹೆಚ್ಚಿಲ್ಲ. 2022ರಲ್ಲಿ ಹಿಮ್ಮತರಾವ್ ಬಾವಸ್ಕರ್ ಅವರಿಗೆ ಪದ್ಮಶ್ರೀ ಸಂದಿತು.

ಮನೆಯಲ್ಲೇ ನುಂಗಿಬಿಡೋಣ ಎಂದುಕೊಳ್ಳುವಂಥ ಗುಳಿಗೆ ಮಾತ್ರ ಇದಲ್ಲ. ಮೊದಲ ಗುಳಿಗೆಗೆ ರಕ್ತದೊತ್ತಡ ಥಟ್ಟನೆ ಇಳಿಯಬಹುದು. ರೋಗಿಯನ್ನು ಮಲಗಿಸಿಯೇ ಇಟ್ಟು, ಮತ್ತೆ ಮತ್ತೆ ರಕ್ತದೊತ್ತಡ ನೋಡುತ್ತಾ ಕೊಡಬೇಕಾಗುತ್ತದೆ. ಬರೀ ನೋವಿರುವವರಿಗೆ ಇದರ ಅಗತ್ಯವೂ ಇಲ್ಲ. ಅವರಿಗೆ ನೋವು ನಿವಾರಕ, ಇಲ್ಲವೇ ಕುಟುಕಿದ ಜಾಗಕ್ಕೆ ಮರಗಟ್ಟಿಸುವ ಚುಚ್ಚುಮದ್ದು ಸಾಕಾಗುತ್ತದೆ.

ಹಳ್ಳಿಗಳಲ್ಲಿ ರೋಗಿಯ ಕಡೆಯವರು "ಒಂದು ಬಾಟಲಿ ಹಾಕಿ ಡಾಕ್ಟ್ರೇ" ಎಂದು ಒತ್ತಾಯಿಸುವುದು ಹೊಸದೇನಲ್ಲ. ಇಲ್ಲಿ ಅದು ತಿರುಗುಬಾಣವಾಗಬಹುದು. ಸೋಲುತ್ತಿರುವ ಹೃದಯಕ್ಕೆ ಬೇಕಾಬಿಟ್ಟಿ ಡ್ರಿಪ್ ಏರಿಸಿದರೆ ಆ ನೀರು ಶ್ವಾಸಕೋಶಕ್ಕೇ ಇಳಿಯುತ್ತದೆ. ಬೆವರು, ಜೊಲ್ಲು ನಿಲ್ಲಿಸಲೆಂದು ಹಿಂದೆ ಕೊಡುತ್ತಿದ್ದ ಅಟ್ರೋಪಿನ್ ಕೂಡ ಈಗಾಗಲೇ ಓಡುತ್ತಿರುವ ಹೃದಯವನ್ನು ಇನ್ನಷ್ಟು ಓಡಿಸುತ್ತದೆ.

ಪ್ರತಿವಿಷ

ಪ್ರಜೋಸಿನ್ ವಿಷವನ್ನು ಮುಟ್ಟುವುದಿಲ್ಲ, ವಿಷದ ಪರಿಣಾಮವನ್ನು ತಡೆಯುತ್ತದೆ. ವಿಷವನ್ನೇ ಹಿಡಿಯುವುದು ಪ್ರತಿವಿಷ. ಕುದುರೆಗಳಿಗೆ ಚೇಳಿನ ವಿಷವನ್ನು ಅಲ್ಪಾಲ್ಪವಾಗಿ ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ಪ್ರತಿಕಾಯಗಳನ್ನು ಶುದ್ಧೀಕರಿಸಿ ಇದನ್ನು ತಯಾರಿಸುತ್ತಾರೆ. ಕೆಂಪು ಚೇಳಿಗೆಂದೇ ಇರುವ ಪ್ರತಿವಿಷವನ್ನು ಮುಂಬೈನ ಹಾಫ್ಕಿನ್ ಸಂಸ್ಥೆ ತಯಾರಿಸಿದೆ. ಹಾವಿನ ಪ್ರತಿವಿಷ ಇಲ್ಲಿ ಉಪಯೋಗಕ್ಕೆ ಬಾರದು. ಅದು ನಾಗರ, ಕಟ್ಟು, ಮಂಡಲ, ಗರಗಸ ಮಂಡಲ ಹಾವುಗಳಿಗೆಂದು ಮಾಡಿದ್ದು.

ಮಹಾಡ್‌ನಲ್ಲಿ ನಡೆದ ಪರೀಕ್ಷೆಯೊಂದರ ಫಲಿತಾಂಶ 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂತು. ಎರಡನೆಯ ದರ್ಜೆಯ 70 ರೋಗಿಗಳಲ್ಲಿ ಅರ್ಧ ಮಂದಿಗೆ ಪ್ರಜೋಸಿನ್ ಮಾತ್ರ, ಉಳಿದ ಅರ್ಧಕ್ಕೆ ಪ್ರಜೋಸಿನ್ ಜೊತೆ ಪ್ರತಿವಿಷ. ಹತ್ತು ಗಂಟೆಯೊಳಗೆ ಪೂರ್ತಿ ಚೇತರಿಸಿಕೊಂಡವರು ಮೊದಲ ಗುಂಪಿನ 35ರಲ್ಲಿ 8 ಮಂದಿ, ಎರಡನೆಯದರ 35ರಲ್ಲಿ 32 ಮಂದಿ. ಗುಣವಾಗಲು ಹಿಡಿದ ಸರಾಸರಿ ಸಮಯ ಸುಮಾರು 18 ಗಂಟೆಯಿಂದ 8 ಗಂಟೆಗೆ ಇಳಿಯಿತು. ಕುದುರೆಯ ಪ್ರೋಟೀನಾದ್ದರಿಂದ ಅಲರ್ಜಿಯ ಸಾಧ್ಯತೆಯಿದೆ; ಹಾಗಾಗಿ ಆಸ್ಪತ್ರೆಯಲ್ಲೇ ಕೊಡಬೇಕು. ಬೇಗ ಕೊಟ್ಟಷ್ಟೂ ಒಳ್ಳೆಯದು, ಏಕೆಂದರೆ ಅದು ಹಿಡಿಯುವುದು ರಕ್ತದಲ್ಲಿ ಓಡಾಡುತ್ತಿರುವ ವಿಷವನ್ನು. ಆಗಲೇ ಹರಿದುಬಂದಿರುವ ಹಾರ್ಮೋನುಗಳನ್ನು ಅದು ಹಿಂದಕ್ಕೆ ಕರೆಯಲಾರದು.

ಬೇರೆ ನೆಲದ ಚೇಳುಗಳು

2008ರಲ್ಲಿ ಪ್ರಕಟವಾದ ಒಂದು ಅಂದಾಜಿನ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ 12 ಲಕ್ಷಕ್ಕೂ ಹೆಚ್ಚು ಜನರನ್ನು ಚೇಳು ಕುಟುಕುತ್ತದೆ, ಮೂರು ಸಾವಿರಕ್ಕೂ ಹೆಚ್ಚು ಮಂದಿ ಸಾಯುತ್ತಾರೆ. ಉತ್ತರ ಆಫ್ರಿಕ, ಮಧ್ಯಪ್ರಾಚ್ಯ, ದಕ್ಷಿಣ ಭಾರತ, ಮೆಕ್ಸಿಕೊ, ಬ್ರೆಜಿಲ್ ಇದರ ತವರುಗಳು. ಎಲ್ಲೆಡೆಯೂ ಚಿತ್ರ ಒಂದೇ ಅಲ್ಲ. ಅರಿಜೋನಾದ ಬಾರ್ಕ್ ಚೇಳು ಕುಟುಕಿದ ಮಗುವಿನ ಕಣ್ಣಗುಡ್ಡೆಗಳು ಹಿಡಿತ ತಪ್ಪಿ ಅತ್ತಿತ್ತ ಹೊರಳುತ್ತವೆ. ಟ್ರಿನಿಡಾಡ್‌ನ ಒಂದು ಚೇಳು ಮೇದೋಜೀರಕ ಗ್ರಂಥಿಯನ್ನು ಊದಿಸುತ್ತದೆ. ವೈದ್ಯ ವಿದ್ಯಾರ್ಥಿಗಳು ಪರೀಕ್ಷೆಗೆಂದು ಉರುಹೊಡೆಯುವ ಸಂಗತಿ ಇದು. ಇರಾನಿನ ಖೂಜೆಸ್ತಾನ್ ಕಡೆಯ ಹೆಮಿಸ್ಕಾರ್ಪಿಯಸ್ ಎಂಬ ಚೇಳಂತೂ ಪೂರ್ತಿ ದಾರಿ ತಪ್ಪಿದ್ದು. ಕುಟುಕಿದಾಗ ಹೆಚ್ಚು ನೋವೇ ಇಲ್ಲ, ನರದ ತಂಟೆಗೂ ಅಷ್ಟಾಗಿ ಹೋಗುವುದಿಲ್ಲ. ಚರ್ಮ ಕೊಳೆಯಿಸಿ, ಕೆಂಪು ರಕ್ತಕಣಗಳನ್ನು ಒಡೆದು, ಮೂತ್ರಪಿಂಡವನ್ನು ಕೆಡಿಸುತ್ತದೆ.

ಮಂತ್ರ, ಹುಣಸೆ ಬೀಜ, ಆಸ್ಪತ್ರೆ

ಕೋಲಾರದ ಕೋಲಾರಮ್ಮನ ಗುಡಿಯಲ್ಲಿ ಚೇಳಮ್ಮನಿದ್ದಾಳೆ; ನಡೆದುಕೊಂಡವರನ್ನು ಚೇಳು ಕುಟುಕದಂತೆ ಕಾಯುತ್ತಾಳೆಂಬ ನಂಬಿಕೆ. ಯಾದಗಿರಿ ಜಿಲ್ಲೆಯ ಕಂದಕೂರಿನ ಗುಡ್ಡದಲ್ಲಿ ನಾಗರ ಪಂಚಮಿಯಂದು ಮಕ್ಕಳಾದಿಯಾಗಿ ಜನ ಕಲ್ಲು ಸರಿಸಿ ಚೇಳು ಹಿಡಿದು ಕೈಮೇಲೆ, ಮುಖದ ಮೇಲೆ ಬಿಟ್ಟುಕೊಳ್ಳುತ್ತಾರೆ. ಚೇಳಿನ ಸ್ವಭಾವದ ಕಡೆಯಿಂದ ಹೇಳುವುದಾದರೆ, ಅದುಮದೆ, ಗಾಬರಿಗೊಳಿಸದೆ ಇದ್ದರೆ ಅದು ಸುಮ್ಮನೆ ವಿಷ ಖರ್ಚು ಮಾಡುವ ಪ್ರಾಣಿಯಲ್ಲ.

ಮಂತ್ರ ಹಾಕಿಸುವುದು, ಹುಣಸೆ ಬೀಜ ತೇಯ್ದು ಅಂಟಿಸುವುದು, ಸುಣ್ಣ ಹಚ್ಚುವುದು ಫಲ ಕೊಟ್ಟಂತೆ ಕಾಣಲು ಕಾರಣವೂ ಮೇಲಿನ ವಿವರಣೆಯಲ್ಲೇ ಇದೆ. ಹೆಚ್ಚಿನ ಕುಟುಕುಗಳು ಮೊದಲನೆಯ ದರ್ಜೆಯವು. ಏನೂ ಮಾಡದಿದ್ದರೂ ಕೆಲವು ಗಂಟೆಗಳಲ್ಲಿ, ಹೆಚ್ಚೆಂದರೆ ಒಂದು ದಿನದಲ್ಲಿ ನೋವು ಇಳಿಯುತ್ತದೆ. ಇಳಿದ ಕೀರ್ತಿ ಆ ಹೊತ್ತಿನಲ್ಲಿ ಏನು ಮಾಡಿದ್ದರೋ ಅದಕ್ಕೆ ಸಲ್ಲುತ್ತದೆ. ತೊಂದರೆಯಾಗುವುದು ಎರಡನೆಯ ದರ್ಜೆಯವರು ಮಂತ್ರದವರ ಮನೆಯ ಜಗಲಿಯಲ್ಲಿ ಕುಳಿತು ಕಳೆಯುವ ಎರಡು–ಮೂರು ಗಂಟೆಗಳಿಂದ.

ಕುಟುಕಿದ ಜಾಗವನ್ನು ಸೋಪು ನೀರಿನಲ್ಲಿ ತೊಳೆದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಇಟ್ಟರೆ ನೋವಿಗೆ ಸ್ವಲ್ಪ ಆರಾಮ. ಬಿಗಿಯಾಗಿ ಕಟ್ಟು ಕಟ್ಟುವುದು, ಬ್ಲೇಡಿನಿಂದ ಕೊಯ್ಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಅಷ್ಟು ಸಣ್ಣ ಪ್ರೋಟೀನುಗಳು ಅದಕ್ಕೆಲ್ಲ ಕಾಯುತ್ತಾ ಅಲ್ಲೇ ಕೂತಿರುವುದಿಲ್ಲ. ಚಿಕ್ಕ ಮಕ್ಕಳಾದರೆ ಲಕ್ಷಣಗಳಿಗೆ ಕಾಯದೆ ಆಸ್ಪತ್ರೆಗೆ ಹೊರಡಬೇಕು. ದೊಡ್ಡವರಲ್ಲಿ ವಾಂತಿ, ಬೆವರು, ಜೊಲ್ಲು, ತಣ್ಣನೆಯ ಕೈಕಾಲು, ಎದೆ ಡವಗುಟ್ಟುವುದು, ಏದುಸಿರು, ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಬೇಕು. ಕುಟುಕಿದ ಗಂಟೆಯನ್ನು ನೆನಪಿಟ್ಟುಕೊಂಡು ವೈದ್ಯರಿಗೆ ಹೇಳಿದರೆ ಅವರಿಗೆ ಅನುಕೂಲ. ಲಕ್ಷಣ ಕಂಡವರನ್ನು ಸಾಮಾನ್ಯವಾಗಿ ಒಂದು ದಿನವಾದರೂ ಒಳರೋಗಿಯಾಗಿ ಇರಿಸಿಕೊಳ್ಳುತ್ತಾರೆ. ಬೆಳಿಗ್ಗೆ ಹಗುರವೆನಿಸಿತೆಂದು ಹಠ ಹಿಡಿದು ಮನೆಗೆ ಬರಬಾರದು.

ಚೇಳು ನಿಶಾಚರಿ. ಅದರ ಹೊರಕವಚದಲ್ಲಿರುವ ಕೆಲವು ರಾಸಾಯನಿಕಗಳಿಂದಾಗಿ ನೇರಳಾತೀತ ಬೆಳಕು ಬಿದ್ದರೆ ಮೈಯೆಲ್ಲ ಹಸಿರುನೀಲಿಯಾಗಿ ಹೊಳೆಯುತ್ತದೆ. ಖೋಟಾ ನೋಟು ಪತ್ತೆಗೆ ಬಳಸುವಂಥ ನೇರಳಾತೀತ ಟಾರ್ಚ್ ಹಿಡಿದು ಅಂಗಳದಲ್ಲಿ, ಕಟ್ಟಿಗೆ ರಾಶಿಯ ಬಳಿ, ಕೊಟ್ಟಿಗೆಯ ಮೂಲೆಯಲ್ಲಿ ಸುತ್ತಾಡಿದರೆ ಎಲ್ಲೆಲ್ಲಿವೆ ಎಂಬುದು ದೂರದಿಂದಲೇ ತಿಳಿಯುತ್ತದೆ. ಆದರೆ ಆಗಷ್ಟೇ ಪೊರೆ ಕಳಚಿದ ಚೇಳು ಹೊಸ ಕವಚ ಗಟ್ಟಿಯಾಗುವವರೆಗೆ ಹೊಳೆಯುವುದಿಲ್ಲ. ಟಾರ್ಚ್ ಇದ್ದವರೂ ಬೆಳಿಗ್ಗೆ ಚಪ್ಪಲಿ, ಬೂಟು ಕೊಡವಿಯೇ ಕಾಲಿಡಬೇಕು.